ಬದುವಿನ ಕೋಡಿ

ಬೆಳಗ್ಗೆ ಹಾಲು ತರಲು ಹೊರಟವನಿಗೆ ಟಾರು ರಸ್ತೆಯ ಮೇಲೆ ಕೆಂಪು ನೀರು ಹರಿಯುವುದು ಕಂಡು ಮೈ ಉರಿದುಹೋಯಿತು. ರಾತ್ರಿ ಬಿದ್ದದ್ದು ಒಳ್ಳೆಯ ಮಳೆ, ಊರೆಲ್ಲ ಖುಷಿಯಲ್ಲಿತ್ತು. ಆದರೆ ಮೇಲಿನ ಹೊಲದವರು ಎರಡು ಸಾಲು ರಾಗಿ ಹೆಚ್ಚು ಬರಲೆಂದು ಜೆಸಿಬಿ ತರಿಸಿ ಬದುವನ್ನೇ ಕೆರೆಸಿಹಾಕಿದ್ದರು. ಒಂದು ಇಂಚು ಮೇಲ್ಮಣ್ಣು ಕಟ್ಟಿಕೊಳ್ಳಲು ನೂರಾರು ವರ್ಷ ಬೇಕು. ಅದು ಒಂದೇ ರಾತ್ರಿಗೆ ಚರಂಡಿ ಸೇರುತ್ತಿತ್ತು. ನಮ್ಮ ಮಿಲ್ಟ್ರಿ ಮಾವ ಇದ್ದಿದ್ದರೆ ಅಲ್ಲೇ ಪಂಚೆ ಎತ್ತಿ ಕಟ್ಟಿ ಗುದ್ದಲಿಗೆ ಕೈಹಾಕುತ್ತಿದ್ದರು.

ಮಾವ ನನ್ನ ತಾಯಿಯ ಅಣ್ಣ. ನಾಗಮಂಗಲದ ಕಡೆಯ ಖುಷ್ಕಿ ಊರಿನವರು. ಹಲಸೂರು ಕೆರೆಯ ಹತ್ತಿರದ ಮದ್ರಾಸ್ ಸ್ಯಾಪರ್ಸ್ ಎಂಬ ಸೇನೆಯ ಎಂಜಿನಿಯರ್ ದಳ ಸೇರಿ, ನಲವತ್ತು ತುಂಬುವ ಮುಂಚೆಯೇ ನಿವೃತ್ತರಾಗಿ ಹೊಲಕ್ಕೆ ಬಂದರು. ದೇಶ ಕಾದ ಕೈ ನೇಗಿಲು ಹಿಡಿಯಿತು ಎಂಬ ಮಾತನ್ನು ಎಲ್ಲರೂ ಆಡಿದ್ದಾರೆ, ಅದಿರಲಿ. ನನ್ನ ಕಣ್ಣಿಗೆ ಕಟ್ಟಿರುವುದು ಅವರ ಕಬ್ಬಿಣದ ಸಲಾಕೆ.

1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ, ಶಕರ್‌ಗಢದ ಕಡೆ, ಬಸಂತರ್ ನದಿಯ ಬಳಿ ಹೂತಿದ್ದ ನೆಲಬಾಂಬುಗಳ ನಡುವೆ ನಮ್ಮ ಟ್ಯಾಂಕುಗಳಿಗೆ ದಾರಿ ಬಿಡಿಸಿದವರು ಸ್ಯಾಪರ್ಸ್. ಮಾವ ಅವರಲ್ಲೊಬ್ಬರು. ಯುದ್ಧದ ಕತೆ ಎಷ್ಟು ಕೇಳಿದರೂ ಹೇಳುತ್ತಿರಲಿಲ್ಲ. ಸಲಾಕೆ ಹಿಡಿಯುವುದನ್ನು ಮಾತ್ರ ಹೇಳಿಕೊಟ್ಟಿದ್ದರು. ನೆಟ್ಟಗೆ ಚುಚ್ಚಿದರೆ ಬಾಂಬಿನ ನೆತ್ತಿಗೇ ಒತ್ತು ಬೀಳುತ್ತದೆ. ಓರೆಯಾಗಿ ಇಳಿಸಿದರೆ ಪಕ್ಕಕ್ಕೆ ತಾಗಿ, ಅದು ಅಲ್ಲಿದೆಯೆಂದು ಕೈಗೆ ತಿಳಿಯುತ್ತದೆ. ಮಳೆ ನಿಂತ ಮಾರನೆಯ ಬೆಳಗ್ಗೆ ಹೊಲದಲ್ಲೂ ಮಂಡಿಯೂರಿ ಸಲಾಕೆಯನ್ನು ಹಾಗೇ ಓರೆಯಾಗಿ ಇಳಿಸುವರು. ತುದಿಗೆ ಮೆತ್ತಿದ ಮಣ್ಣನ್ನು ಹೆಬ್ಬೆರಳಲ್ಲಿ ಉಜ್ಜಿ, "ನಾಕೇ ಬೆಳ್ಳು ಇಳಿದೈತೆ ಕಣ್ಲಾ, ಬಿತ್ತನೆ ಈಗ್ಲೇ ಬ್ಯಾಡ" ಎನ್ನುವರು.

ಬದುವಿನ ವಿಷಯಕ್ಕೆ ಬಂದರೆ ಅವರದು ಒಂದೇ ಹಟ: ಕೋಡಿ. ಬದು ಯಾರು ಬೇಕಾದರೂ ಹಾಕಬಹುದು, ಕಸುಬಿರುವುದು ಕೋಡಿ ಬಿಡುವುದರಲ್ಲಿ. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಹೆಚ್ಚಾದ ನೀರು ಹೋಗುವ ಕಡೆ ಕಲ್ಲು ಜೋಡಿಸಿ, ಬದುವಿನ ಮೈಗೆ ಲಾವಂಚ ನೆಟ್ಟರೆ, ನೀರು ಮಣ್ಣನ್ನು ಇಲ್ಲೇ ಬಿಟ್ಟು ತಾನು ಮುಂದೆ ಹೋಗುತ್ತದೆ. ಕೋಡಿಯಿಲ್ಲದ ಬದು ಜೋರು ಮಳೆಗೆ ಒಡೆದು ಹೊಲದ ತುಂಬ ಕೊರಕಲು ಮಾಡುತ್ತದೆ. ಉದ್ಯೋಗ ಖಾತ್ರಿಯಲ್ಲಿ ಬದು ಹಾಕಿಸಿಕೊಳ್ಳುವವರು ಕೋಡಿಯ ಕಲ್ಲನ್ನೂ ಪಟ್ಟುಹಿಡಿದು ಹಾಕಿಸಿಕೊಳ್ಳಬೇಕು. ಹಳ್ಳಿಯ ಹೈಸ್ಕೂಲುಗಳಲ್ಲಿ ಇದನ್ನು ಪಾಠವಾಗಿಯೇ ಇಡಬೇಕು. ಮಕ್ಕಳು ಮಳೆಗಾಲದಲ್ಲೊಂದು ದಿನ ಗುದ್ದಲಿ ಹಿಡಿದು ಹೊಲಕ್ಕೆ ಹೋಗಬೇಕು. ಊರಿಗೊಬ್ಬ ಕೋಡಿ ಬಲ್ಲವನಿದ್ದರೆ ಎಷ್ಟೋ ಕೆರೆಗಳು ಹೂಳು ತುಂಬುವುದು ತಪ್ಪುತ್ತಿತ್ತು.

ಕಲ್ಲು ಎಂದೊಡನೆ ನಮ್ಮ ಸೀಮೆಯ ಇನ್ನೊಂದು ಕಲ್ಲು ನೆನಪಾಗುತ್ತದೆ: ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಹತ್ತನೆಯ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ಎದುರು ಕಾದಿದ ಮಣಲೇರನೆಂಬ ವೀರನಿಗೆ ಗಂಗರ ಬೂತುಗ ಊರುಗಳನ್ನೇ ಕೊಟ್ಟ. ಮಣಲೇರನ ನಾಯಿ ಕಾಳಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಕಾದಿದವರಿಗೆ ನೆಲ ಕೊಡುವುದು ಈ ಸೀಮೆಯಲ್ಲಿ ಅಷ್ಟು ಹಳೆಯ ಪದ್ಧತಿ.

ಮಾವನೂ ಮಾಜಿ ಸೈನಿಕರ ಪಾಲಿನ ಜಮೀನಿಗೆ ಅರ್ಜಿ ಹಾಕಿದ್ದರು. ಸರ್ವೆ, ನಕಲು, ಸಹಿ ಎಂದು ಕಡತ ಮೇಜಿನಿಂದ ಮೇಜಿಗೆ ಅಲೆಯಿತು. ಕೊನೆಗೆ ಮಂಜೂರಾದದ್ದು ಬರೀ ಬಂಡೆಗಲ್ಲಿನ ಗುಡ್ಡದ ಓರೆ. ಅಷ್ಟುಹೊತ್ತಿಗೆ ಅವರಿಗೆ ಮಂಡಿ ಮಡಚಲು ಆಗುತ್ತಿರಲಿಲ್ಲ. ಆದರೂ ಕೋಲೂರಿಕೊಂಡು ಹೋಗಿ ಕೋಡಿಗೆ ಜಾಗ ಗುರುತು ಮಾಡಿ ಬಂದರು.

ಆಳುವವರಲ್ಲಿ ನನ್ನದೊಂದೇ ಕೇಳಿಕೆ: ಸೈನಿಕನಿಗೆ ಭೂಮಿ ಕೊಡುವುದಾದರೆ ಅವನ ಮಂಡಿಯಲ್ಲಿ ಶಕ್ತಿ ಇರುವಾಗಲೇ ಕೊಡಿ.