ಪಾಸ್‌ವರ್ಡ್ ಅಲ್ಲ, ತಾರೀಕು

ಹಳೇ ಕಂಪ್ಯೂಟರಲ್ಲಿ ಮೇಲ್ ಕನೆಕ್ಟ್ ಆಗ್ತಿಲ್ವಾ? ಮೊದಲು ತಾರೀಕು ನೋಡಿ.

ಸುಂಕಸಾಳದ ಮಳೆ, ಎರಡು ದಿನ ಕರೆಂಟಿಲ್ಲ. ಬಂದಮೇಲೆ ಥಂಡರ್‌ಬರ್ಡ್ ಹಟ ಹಿಡೀತು. ಅಪ್ಪನ ಅಂಗಡಿ ಲೆಕ್ಕ ಆಡಿಟರಿಗೆ ಅದೇ ಸಂಜೆ ಹೋಗ್ಬೇಕು. ಮರುದಿನ 20, ಜಿಎಸ್‌ಟಿಗೆ ಕೊನೇ ದಿನ. ಪೋರ್ಟ್ 993 ಸರಿ, ಪಾಸ್‌ವರ್ಡೂ ಸರಿ. "ನೀನೇ ಏನೋ ಒತ್ತಿದ್ದು" ಅಂತ ಅಪ್ಪನ ಮೇಲೆ ರೇಗಿದೆ.

ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಮೆಲ್ಲಗೆ, "ತಮಾ, ಇದ್ರಲ್ಲಿ 2012 ತೋರಿಸ್ತದಲ್ಲ?"

ಮದರ್‌ಬೋರ್ಡಿನ 3 ವೋಲ್ಟ್ ಬಟನ್ ಸೆಲ್ ಸತ್ತಿತ್ತು. ಕರೆಂಟ್ ಹೋದದ್ದೇ ಗಡಿಯಾರ ಹಿಂದೆ ಹೋಗಿತ್ತು. ಸರ್ವರ್ ತೋರಿಸೋ ಸರ್ಟಿಫಿಕೇಟಿಗೆ ಶುರುವಿನ ತಾರೀಕೂ ಇರ್ತದೆ. 2012ರಲ್ಲಿ ಅದಿನ್ನೂ ಹುಟ್ಟೇ ಇಲ್ಲ, ಕಂಪ್ಯೂಟರ್ ನಂಬೋದು ಹೇಗೆ?

ತಾರೀಕು ಸರಿಮಾಡಿದೆ, ಮೇಲ್ ಹೋಯ್ತು. ಸಾರಿ ಮಾತ್ರ ಇನ್ನೂ ಹೇಳಿಲ್ಲ. ನಾಳೆ ಅಂಕೋಲೆಯಿಂದ ಹೊಸ ಸೆಲ್ ತರ್ತೇನೆ. ಅಪ್ಪನನ್ನ ಪಕ್ಕ ಕೂರಿಸ್ಕೊಂಡೇ ಹಾಕ್ಬೇಕು.