ಹಿಂದಿನ ಸೀಟಿನ ಪುರಾಣ, ಭಾಗ 6: ಹದಿನೇಳೋ, ಮೂವತ್ತೈದೋ

ಹೋದ ಭಾಗದಾಗ ಹೊಳೆದಂಡೆ ಫೋಟೋ ಹಾಕಿದ್ನಲ್ಲ, ಅವತ್ತೇ ನಮ್ಮ ಕ್ಲಾಸಿನ ಮೂರ್ನಾಲ್ಕು ಮಂದಿ ಮೆಸೇಜ್ ಮಾಡಿ ಒಂದೇ ಪ್ರಶ್ನೆ ಕೇಳಿದ್ರು: "ಆ ಎರಡು ಹುಡುಗ್ರನ್ನ ಕಾರಲ್ಲಿ ಹೆಂಗ ಸುಮ್ನ ಕೂರಿಸ್ತಿ ಮಾರಾಯ್ತಿ? ನಮ್ಮನೇವು ಊರು ದಾಟೋದ್ರೊಳಗ ಕಿತ್ತಾಡ್ತಾವ."

ಉತ್ತರ: ನಾನು ಸುಮ್ನೆ ಕೂರಿಸಲ್ಲ. ಅವು ಸುಮ್ನಾದ್ರೇ ನನಗೆ ಭಯ.

ಹೊಸದಾಗಿ ಬಂದೋರಿಗೆ ಹೇಳಿಬಿಡ್ತೀನಿ. ಇವರು ನಮ್ಮ ಅಕ್ಕನ ಮಕ್ಕಳು. ದೊಡ್ಡಾಕಿಗೆ ಎಂಟು, ಸಣ್ಣೋನಿಗೆ ನಾಲ್ಕೂವರೆ. ಸಣ್ಣೋನಿಗೆ ಥಲಸ್ಸೇಮಿಯಾ ಐತಿ. ಮೈಗೆ ಬೇಕಾದಷ್ಟು ಹಿಮೋಗ್ಲೋಬಿನ್ ಅವನ ದೇಹ ತಾನೇ ಮಾಡಿಕೊಳ್ಳಲ್ಲ, ಅದಕ್ಕೆ ಮೂರು ವಾರಕ್ಕೊಮ್ಮೆ ದಾವಣಗೆರೆಗೆ ಹೋಗಿ ರಕ್ತ ಹಾಕಿಸ್ಕೊಂಡು ಬರಬೇಕು. ಹಲವಾಗಲಿನಿಂದ ದಾವಣಗೆರೆ ಏನು ಮಹಾ ದೂರ ಅಲ್ಲ, ಟ್ರಿಪ್ ಅಂತ ಹೇಳ್ಕೊಳ್ಳೋಷ್ಟೂ ಇಲ್ಲ. ಆದ್ರೆ ಮೂರು ವಾರಕ್ಕೊಮ್ಮೆ ಅಂದ್ರೆ ವರ್ಷಕ್ಕೆ ಹದಿನೇಳು ಸಲ. ಭಾವ ಗಾಡಿ ಓಡಿಸ್ತಾರೆ, ಅಕ್ಕ ಮುಂದೆ ಫೈಲು ಹಿಡ್ಕೊಂಡು ಕೂರ್ತಾಳೆ, ಹಿಂದಿನ ಸೀಟು ನನ್ನ ರಾಜ್ಯ.

ರಕ್ತ ಹಾಕಿಸೋ ದಿನ ಹತ್ರ ಬಂದಂಗೆ ಅವನು ಸುಸ್ತಾಗ್ತಾನೆ, ಸಣ್ಣದಕ್ಕೂ ಅಳ್ತಾನೆ. ಹಂಗಾಗಿ ಹೋಗೋ ದಾರೀಲಿ ನನ್ನ ಕೈಗೆ ಸಿಗೋದು ಅರ್ಧ ಬ್ಯಾಟರಿ ಹುಡುಗ. ಓಡಿಯಾಡೋ ಆಟ, ಕೂಗೋ ಆಟ ಎಲ್ಲ ಅಲ್ಲಿ ನಡಿಯಲ್ಲ.

ಮೊಬೈಲ್ ಕೊಡು ಅಂತೀರಿ. ಕೊಟ್ರೆ ವಾಂತಿ. ಕಿವಿಯೊಳಗಿನ ಸಮತೋಲನದ ಅಂಗ "ಗಾಡಿ ಹೊಂಟೈತಿ" ಅಂತ ಮಿದುಳಿಗೆ ಹೇಳ್ತಿರುತ್ತೆ, ಪರದೆಗೆ ಅಂಟಿದ ಕಣ್ಣು "ಇಲ್ಲ, ಎಲ್ಲ ನಿಂತೈತಿ" ಅನ್ನುತ್ತೆ. ಇಬ್ಬರ ಜಗಳದಾಗ ಹೊಟ್ಟೆ ತೊಳಸುತ್ತೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಈ ಕಾಟ ಜಾಸ್ತಿ. ಮದ್ದು ಅಂದ್ರೆ ಕಿಟಕಿಯಿಂದ ದೂರ ನೋಡೋದು, ಸ್ವಲ್ಪ ಗಾಳಿ ಬಿಡೋದು. ಆದ್ರೆ "ಹೊರಗ ನೋಡೋ" ಅಂದ್ರೆ ಯಾವ ಹುಡುಗ ನೋಡ್ತಾನೆ? ನೋಡಾಕೆ ಒಂದು ಕಾರಣ ಬೇಕು.

ಆ ಕಾರಣ ನಮಗೆ ಸಿಕ್ಕಿದ್ದು ನಂಬರ್ ಪ್ಲೇಟಿನಾಗ.

ನಮ್ಮ ಕಡೆ ರೋಡಿಗೆ ಬರೋ ಗಾಡಿ ನೋಡ್ರಿ. 17 ದಾವಣಗೆರೆ, 35 ಹೊಸಪೇಟೆ, 34 ಬಳ್ಳಾರಿ, 16 ಚಿತ್ರದುರ್ಗ. ಹೊಳೆ ದಾಟಿ ಬಂದವು 27 ಹಾವೇರಿ, 68 ರಾಣೆಬೆನ್ನೂರು. ದೊಡ್ಡಾಕಿ 17ರ ಪಾರ್ಟಿ, ಸಣ್ಣೋನು 35ರ ಪಾರ್ಟಿ. ಅವನಿಗೆ ಓದಾಕೆ ಬರಲ್ಲ, ಮೂರು ಮತ್ತು ಐದು ಮಾತ್ರ ಗುರುತು ಸಿಗ್ತಾವೆ, ಅಷ್ಟು ಸಾಕು. ಬೈಕಿಗೆ ಒಂದು ಪಾಯಿಂಟು, ಕಾರಿಗೆ ಎರಡು, ಕಬ್ಬಿನ ಲೋಡಿನ ಟ್ರ್ಯಾಕ್ಟರಿಗೆ ಐದು. ದುಗ್ಗಾವತಿ ಫ್ಯಾಕ್ಟರಿ ಸೀಸನ್ನಾಗ ಟ್ರ್ಯಾಕ್ಟರ್ ಹಿಂದೆ ಸಿಕ್ಕಾಕ್ಕೊಂಡ್ರೆ ಭಾವಗೆ ಸಿಟ್ಟು, ಹಿಂದಿನ ಸೀಟಿಗೆ ಹಬ್ಬ.

ಒಂದೇ ತೊಂದರೆ. ದಾವಣಗೆರೆ ಹತ್ರ ಬಂದಂಗೆ ಎಲ್ಲಿ ನೋಡಿದ್ರೂ 17. ಸಣ್ಣೋನು ಸೋತು ಮುಖ ಸಣ್ಣದು ಮಾಡ್ತಿದ್ದ. ಅದಕ್ಕೆ ದೊಡ್ಡಾಕಿನೇ ಒಂದು ಕಾನೂನು ತಂದಳು: ಊರೊಳಗೆ 35 ಕಂಡ್ರೆ ಹತ್ತು ಪಾಯಿಂಟು, ಆಸ್ಪತ್ರೆ ಕಾಂಪೌಂಡಿನಾಗ ಕಂಡ್ರೆ ಇಪ್ಪತ್ತು. ಇದನ್ನ ಯಾವ ದೊಡ್ಡೋರೂ ಅಕಿಗೆ ಹೇಳಿಕೊಟ್ಟಿಲ್ಲ. ಮೊದ್ಲೆಲ್ಲ ಆಸ್ಪತ್ರೆ ಗೇಟು ಕಂಡ ಕೂಡ್ಲೆ ನನ್ನ ಕುತ್ತಿಗೆಗೆ ಜೋತು ಬೀಳ್ತಿದ್ದ ಹುಡುಗ, ಈಗ ಗೇಟಿನಾಗೇ ಕಣ್ಣು ಅಗಲ ಮಾಡಿ ಪಾರ್ಕಿಂಗ್ ಜಾಗ ಹುಡುಕ್ತಾನೆ. ಸೂಜಿ ಹಾಕುವಾಗ ಅಳ್ತಾನೆ, ಅದು ಬೇರೆ ಮಾತು. ಕಾರಿಂದ ಇಳಿಯುವಾಗ ಅಳಲ್ಲ.

ಈ ಆಟದಿಂದ ಇನ್ನೊಂದು ಪ್ರಶ್ನೆ ಹುಟ್ಟಿತು. "ನಮ್ಮ ಗಾಡಿ 17, ಸಾಲ್ಯಾಗ ನಮ್ಮದು ವಿಜಯನಗರ ಜಿಲ್ಲೆ ಅಂತಾರೆ, ಯಾಕ ಚಿಕ್ಕಮ್ಮ?" ಅಂದ್ಲು ದೊಡ್ಡಾಕಿ. ಅಜ್ಜನ್ನ ಕೇಳು ಅಂದೆ. ಹರಪನಹಳ್ಳಿ ತಾಲ್ಲೂಕು ಮೊದಲು ಬಳ್ಳಾರಿ, 1997ರಾಗ ದಾವಣಗೆರೆ, ಆಮೇಲೆ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಅಜ್ಜ ಕಟ್ಟೆ ಬಿಟ್ಟು ಎದ್ದಿಲ್ಲ, ಮೂರು ಜಿಲ್ಲೆ ಸುತ್ತಿ ಬಂದಾನ. ಅವತ್ತಿಂದ ಅಜ್ಜನೂ ಆಟದಾಗ ಸೇರ್‍ಯಾನ, 34 ಅವನ ಪಾಲು. ಮನೇಲೇ ಕೂತು ಪಾಯಿಂಟು ಗಳಿಸ್ತಾನೆ.

ತಿನ್ನಾಕೆ ಬರೀ ಒಣ ಮಂಡಕ್ಕಿ, ಸ್ವಲ್ಪ ಅರಿಶಿನದ ಒಗ್ಗರಣೆ. ಶೇಂಗಾ ಆರಿಸಿ ತೆಗೀತೀನಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು ಗಂಟಲಿಗೆ ಸಿಕ್ಕೋ ಅಪಾಯ ಐತಿ, ಅದ್ರಾಗ ಕಾರು ಗುಂಡಿಗೆ ಎತ್ತಿಹಾಕೋ ರೋಡು ನಮ್ಮದು. ಮಿರ್ಚಿ ನನಗೆ, ಅದೂ ವಾಪಸ್ ಬರುವಾಗ.

ಬೆಲ್ಟಿನ ವಿಷಯದಾಗ ನಾನು ಮಾತೇ ಕೇಳಲ್ಲ. "ಇಲ್ಲೇ ಅಲ್ವಾ ಹೋಗೋದು, ತೊಡೆ ಮ್ಯಾಲೆ ಕೂರಿಸ್ಕೋ" ಅಂತ ಎಲ್ಲಾರ ಮನೇಲೂ ಒಬ್ಬರು ಇರ್ತಾರೆ. ಬ್ರೇಕ್ ಹಾಕಿದಾಗ ತೋಳು ಮಗುವನ್ನ ಹಿಡಿಯಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದಿದ್ರೆ ₹1000 ದಂಡ. ನನಗೆ ದಂಡದ ಚಿಂತೆ ಅಲ್ಲ. ಇನ್ನೊಂದು: ಮೆಡಿಕಲ್ ಶಾಪಿಗೆ ಇಳಿದ್ರೆ ಮಕ್ಕಳೂ ಇಳೀತಾರೆ. ಬಿಸಿಲಿನಾಗ ನಿಂತ ಕಾರಿನೊಳಗೆ ಹತ್ತು ನಿಮಿಷಕ್ಕೆ ಹತ್ತು ಡಿಗ್ರಿ ಹತ್ರ ಕಾವು ಏರುತ್ತೆ, ಗ್ಲಾಸು ಸ್ವಲ್ಪ ಇಳಿಸಿದ್ರೆ ಏನೂ ಉಪಯೋಗ ಇಲ್ಲ.

ಈಗ ಮನೇಲಿ ಜಗಳ ತಂದ ವಿಷಯ. ದೊಡ್ಡಮ್ಮ ಅವನಿಗೆ ಯಾವಾಗ್ಲೂ "ಬೆಣ್ಣೆ ದೋಸೆ ತಿನ್ನಾಕೆ ಹೊಂಟೀವಿ" ಅಂತಿದ್ರು. ಪ್ರೀತಿಗೇ ಅನ್ನೋದು, ಒಪ್ತೀನಿ. ಆದ್ರೆ ಸುಳ್ಳು ಹೇಳಿ ಕಾರು ಹತ್ತಿಸಿದ್ರೆ ಹರಪನಹಳ್ಳಿ ಸಂತೆಗೆ ಹೊಂಟರೂ, ಉಚ್ಚಂಗಿದುರ್ಗಕ್ಕೆ ಹೊಂಟರೂ ಅವನು ನಂಬಲ್ಲ, ಕಾರು ಅಂದ್ರೇ ಸೂಜಿ ಅಂದ್ಕೊಂತಾನೆ. ನಾನು ಹಿಂದಿನ ರಾತ್ರಿನೇ ಹೇಳ್ತೀನಿ: "ನಾಳೆ ರಕ್ತ ಹಾಕಿಸೋ ದಿನ, ಒಂದು ಸಲ ಚುಚ್ಚುತ್ತೆ, ಆಮೇಲೆ ಕತೆ." ಅವನು ಕೇಳಿದ್ದು ಒಂದೇ: "35 ಬಂದಿರ್ತಾವ?"

ಮೂರ್ನಾಲ್ಕು ತಾಸು ರಕ್ತ ಹನಿಯುತ್ತೆ. ವಾಪಸ್ ಬರುವಾಗ ನೋಡಬೇಕು ಅವನನ್ನ. ಕೆನ್ನೆಗೆ ಬಣ್ಣ, ಬಾಯಿಗೆ ಬಿಡುವಿಲ್ಲ. ಆಗ ಒಗಟಿನ ಸರದಿ, ಅದೂ ಅವನೇ ಕಟ್ಟಿದ್ದು. "ಮೈತುಂಬ ಹಲ್ಲು, ಬಾಯಿ ಇಲ್ಲ, ಏನು ಹೇಳು?" ರೋಡಿನ ಎರಡೂ ಕಡೆ ಮೆಕ್ಕೆಜೋಳ ನಿಂತಿರುತ್ತೆ, ಆದ್ರೂ ನಾವು ಮೂವರೂ ಸೋಲಬೇಕು. ತೆಲಗಿ ದಾಟೋದ್ರೊಳಗೆ ಎಂಟು ಸಲ ಸೋತಿರ್ತೀವಿ.

ಆ ರಕ್ತ ಯಾರು ಕೊಟ್ಟಿದ್ದೋ ನಮಗೆ ಗೊತ್ತಿರಲ್ಲ. 18 ತುಂಬಿ, 45 ಕೆಜಿ ಮ್ಯಾಲಿದ್ದು, ಆರೋಗ್ಯ ಚೆನ್ನಾಗಿರೋ ನಮ್ಮ ಕ್ಲಾಸಿನವರು ಇದನ್ನ ಓದ್ತಿದ್ರೆ ನಿಮಗೇ ಹೇಳ್ತಿರೋದು. ಮತ್ತೆ ಮದುವೆಗೆ ಮೊದ್ಲು ಜಾತಕದ ಜೊತೆ ಥಲಸ್ಸೇಮಿಯಾ ವಾಹಕ ಪರೀಕ್ಷೆನೂ ಮಾಡಿಸ್ರಪ್ಪಾ. ವಾಹಕರಿಗೆ ಮೈಯಾಗ ಏನೂ ಗೊತ್ತಾಗಲ್ಲ, ಇಬ್ಬರೂ ವಾಹಕರಾದ್ರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಅಕ್ಕ-ಭಾವಗೆ ಯಾರೂ ಹೇಳಿರಲಿಲ್ಲ.

ಈ ಸಲದ ಲೆಕ್ಕ: ದೊಡ್ಡಾಕಿ 96, ಸಣ್ಣೋನು 88, ಅಜ್ಜ 3. ನಂಬರ್ ಆಟ ಹಳೇದಾಗ್ತಾ ಬಂತು, ನಿಮ್ಮೂರ ಕಡೆ ಕಿಟಕಿ ನೋಡೋ ಆಟ ಏನಾದ್ರೂ ಇದ್ರೆ ಕಳಿಸ್ರಿ. ಮುಂದಿನ ಪ್ರಯಾಣಕ್ಕೆ ಹತ್ತೊಂಬತ್ತು ದಿನ ಐತಿ.

#ಹಿಂದಿನಸೀಟಿನಪುರಾಣ #ಹಲವಾಗಲು