ಚಾಲ್ತಿ ಖಾತೆಯಿಂದ ಲಿಕ್ವಿಡ್ ಫಂಡ್‌ವರೆಗೆ

1980ರ ದಶಕದಲ್ಲಿ ಬೆಂಗಳೂರು, ಮುಂಬಯಿಗಳ ಕಂಪನಿಗಳ ಲೆಕ್ಕಪತ್ರ ವಿಭಾಗಗಳಲ್ಲಿ ದುಡಿದವರು ಕಂಡಂತೆ, ಮಾರಾಟದಿಂದ ಬಂದ ಹಣವು ಸಂಬಳ, ತೆರಿಗೆ, ಕಚ್ಚಾಸರಕಿನ ಪಾವತಿಯ ದಿನ ಬರುವ ತನಕ ಚಾಲ್ತಿ ಖಾತೆಯಲ್ಲಿ, ಅಂದರೆ ಬಡ್ಡಿಯೇ ಇಲ್ಲದ ವ್ಯವಹಾರದ ಖಾತೆಯಲ್ಲಿ, ಸುಮ್ಮನೆ ಬಿದ್ದಿರುತ್ತಿತ್ತು. ಧೈರ್ಯವುಳ್ಳವರು ಅದನ್ನು ಅಂತರ ಕಂಪನಿ ಠೇವಣಿಯಾಗಿ ತೊಡಗಿಸುತ್ತಿದ್ದರು. ಒಂದು ಕಂಪನಿ ಇನ್ನೊಂದಕ್ಕೆ ಕೆಲವು ತಿಂಗಳ ಮಟ್ಟಿಗೆ, ಬಹುಪಾಲು ಅಡಮಾನವಿಲ್ಲದೆ ಕೊಡುವ ಈ ಕೈಗಡಕ್ಕೆ ಬಡ್ಡಿ ಚೆನ್ನಾಗಿಯೇ ಸಿಗುತ್ತಿತ್ತು, ಆದರೆ ಪರಿಚಯ ಮತ್ತು ದಲ್ಲಾಳಿಯ ಮಾತಿನ ಹೊರತು ಅದಕ್ಕೆ ಗಟ್ಟಿಯಾದ ಆಧಾರ ಇರುತ್ತಿರಲಿಲ್ಲ. ಸರ್ಕಾರದ ಅಲ್ಪಾವಧಿ ಸಾಲಪತ್ರವಾದ 91 ದಿನಗಳ ಟ್ರೆಷರಿ ಬಿಲ್ಲಿಗೆ ಶೇ. 4.6ರ ದರ 1974ರಿಂದ ಬಹುಕಾಲ ಬದಲಾಗದೆ ನಿಂತಿದ್ದರಿಂದ, ಕಂಪನಿಗಳು ಅದರತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಅಲ್ಪಾವಧಿ ಹಣದ ಮಾರುಕಟ್ಟೆಯ ಬಗ್ಗೆ ಎನ್. ವಘುಲ್ ಅಧ್ಯಕ್ಷತೆಯ ಸಮಿತಿ 1987ರಲ್ಲಿ ವರದಿ ಕೊಟ್ಟ ಮೇಲೆ ಈ ಲೋಕ ತೆರೆದುಕೊಂಡಿತು. 1989ರಲ್ಲಿ ಬ್ಯಾಂಕುಗಳ ಠೇವಣಿ ಪತ್ರ, 1990ರಲ್ಲಿ ಹೆಸರುವಾಸಿ ಕಂಪನಿಗಳು ತಮ್ಮ ಹೆಸರಿನ ಬಲದ ಮೇಲೆಯೇ ಸಾಲ ಎತ್ತುವ ಕಮರ್ಷಿಯಲ್ ಪೇಪರ್ ಬಂದವು. ಹೀಗೆ ಪರಿಚಯದ ಜಾಗಕ್ಕೆ ಸಾಲಯೋಗ್ಯತೆಯ ಶ್ರೇಣಿ ಬಂದು ಕುಳಿತಿತು. ಆದರೂ ಹಳೆಯ ದುರಾಸೆ ಬಿಡಲಿಲ್ಲ. ಕೆಲವು ಸಾರ್ವಜನಿಕ ಉದ್ದಿಮೆಗಳು ಹೆಚ್ಚಿನ ಆದಾಯಕ್ಕಾಗಿ ಬ್ಯಾಂಕುಗಳ ಕೈಗೊಪ್ಪಿಸಿದ ಮಿಗುತೆ ಹಣ ದಲ್ಲಾಳಿಗಳ ಮೂಲಕ ಷೇರುಪೇಟೆಗೆ ಹರಿದಿದ್ದು 1992ರ ಷೇರು ಹಗರಣದಲ್ಲಿ ಬಯಲಾಯಿತು.

ಮುಂದಿನ ದೊಡ್ಡ ತಿರುವು ಲಿಕ್ವಿಡ್ ಫಂಡ್, ಅಂದರೆ ಹಲವರ ಹಣವನ್ನು ಒಟ್ಟುಗೂಡಿಸಿ ಇಂಥ ಅಲ್ಪಾವಧಿ ಪತ್ರಗಳನ್ನು ಕೊಳ್ಳುವ ಮ್ಯೂಚುವಲ್ ಫಂಡ್. ಬೆಳಿಗ್ಗೆ ಎಲ್ಲ ಬ್ಯಾಂಕುಗಳ ಬಾಕಿ ಕೂಡಿಸಿ, ಸಂಜೆಯೊಳಗೆ ಹೊರಹೋಗಬೇಕಾದ ಚೆಕ್ಕುಗಳನ್ನು ಕಳೆದು, ಉಳಿದುದನ್ನು ಮಧ್ಯಾಹ್ನದ ಗಡುವಿಗೆ ಮೊದಲೇ ಫಂಡಿಗೆ ತಲುಪಿಸಿ, ಬೇಕಾದಾಗ ಮರುದಿನವೇ ವಾಪಸು ಪಡೆಯುವುದು ಖಜಾನೆ ವಿಭಾಗದ ನಿತ್ಯದ ಕಟ್ಟಳೆಯಾಯಿತು. ಈ ಸಲೀಸು ಎಷ್ಟು ಒಗ್ಗಿಹೋಯಿತೆಂದರೆ, ಎಲ್ಲರೂ ಒಂದೇ ದಿನ ಹಣ ಕೇಳಿದರೆ ಏನಾದೀತೆಂದು ಹೆಚ್ಚಿನವರು ಯೋಚಿಸಲೇ ಇಲ್ಲ. 2008ರ ಅಕ್ಟೋಬರ್‌ನಲ್ಲಿ ಹಾಗೆಯೇ ಆಯಿತು. ಫಂಡುಗಳಿಗೆ ಸಾಲ ಕೊಡಲೆಂದು ರಿಸರ್ವ್ ಬ್ಯಾಂಕ್ 20,000 ಕೋಟಿ ರೂಪಾಯಿಗಳ ವಿಶೇಷ ಸೌಲಭ್ಯವನ್ನು ಬ್ಯಾಂಕುಗಳಿಗೆ ತೆರೆಯಬೇಕಾಯಿತು. 2018ರಲ್ಲಿ ಉನ್ನತ ಶ್ರೇಣಿಯ ಮೂಲಸೌಕರ್ಯ ಹಣಕಾಸು ಸಂಸ್ಥೆ ಐಎಲ್ ಅಂಡ್ ಎಫ್‌ಎಸ್ ಸಾಲ ತೀರಿಸಲಾರದೆ ಹೋದಾಗ ಶ್ರೇಣಿಯ ಮೇಲಿನ ನಂಬಿಕೆಯೂ ಅಲುಗಾಡಿತು.

ಲಿಕ್ವಿಡ್ ಫಂಡುಗಳು ತಮ್ಮ ಹಣದ ಕನಿಷ್ಠ ಶೇ. 20 ಭಾಗವನ್ನು ನಗದು ಮತ್ತು ಸರ್ಕಾರಿ ಪತ್ರಗಳಂಥ ತಕ್ಷಣ ಕೈಗೆ ಬರುವ ಆಸ್ತಿಗಳಲ್ಲಿ ಇಡಬೇಕು, ಏಳು ದಿನ ತುಂಬುವ ಮೊದಲೇ ಹಣ ತೆಗೆದವರಿಂದ ಸಣ್ಣ ಶುಲ್ಕ ವಸೂಲಿ ಮಾಡಬೇಕು ಎಂಬ ನಿಯಮವನ್ನು ಫಂಡುಗಳ ನಿಯಂತ್ರಕ ಸಂಸ್ಥೆಯಾದ ಸೆಬಿ ತಂದದ್ದು 2019ರಲ್ಲಿ. 2008ರ ಆಘಾತದ ಮರುವರ್ಷವೇ ಅದು ಬರಬೇಕಿತ್ತು.